ದಿನಾ ಎದುರಾಗುವವರಿಗೆ ನಮ್ಮಿಂದ ಆಗುವ ಸಣ್ಣ ಸಹಾಯ

ಬೆಳಿಗ್ಗೆಯಿಂದ ರಾತ್ರಿವರೆಗೆ ನಮಗೆ ಎಷ್ಟೊಂದು ಜನ ಎದುರಾಗುತ್ತಾರೆ ಅಲ್ವಾ? ಪೌರಕಾರ್ಮಿಕರು, ಕಂಡಕ್ಟರ್, ವಾಚ್‌ಮನ್, ಊಟ ತಂದುಕೊಡುವ ಹುಡುಗರು, ಬ್ಯಾಂಕಿನಲ್ಲಿ ಪಕ್ಕ ಕೂತ ತಾತ. ಇವರ ಜೊತೆ ಚೆನ್ನಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಬಿಡಿಸಿ ಹೇಳುವವರು ಕಡಿಮೆ. ನನಗೆ ಸರಿ ಅನ್ನಿಸಿದ ದಾರಿ ಒಂದಿದೆ. ಅವರ ಕೆಲಸದಲ್ಲಿ ಯಾವುದು ಕಷ್ಟ ಅಂತ ನೋಡಿ, ಆ ಕಷ್ಟದಲ್ಲಿ ನಮ್ಮ ಪಾಲು ಎಷ್ಟಿದೆಯೋ ಅಷ್ಟನ್ನು ಮೊದಲು ತೆಗೆದುಬಿಡಿ. ನಗು, ಥ್ಯಾಂಕ್ಸ್ ಎಲ್ಲ ಆಮೇಲೆ.

ಮನೆ ಬಾಗಿಲಿನಿಂದಲೇ ಶುರು ಮಾಡಿ. ಹಸಿ ಕಸ, ಒಣ ಕಸ ಒಟ್ಟಿಗೆ ಸುರಿದು ಕೊಟ್ಟರೆ ಅದನ್ನು ಯಾರೋ ಒಬ್ಬರು ಕೈ ಹಾಕಿಯೇ ಬೇರೆ ಮಾಡಬೇಕು. ಆ ಕೈಗೆ ಏನೇನು ಸಿಗುತ್ತದೆ ಅಂತ ಒಂದು ನಿಮಿಷ ಯೋಚನೆ ಮಾಡಿ. ಪ್ಯಾಡು, ಡಯಾಪರನ್ನು ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಗುರುತು ಹಾಕಿ ಬೇರೆಯಾಗಿ ಕೊಡಿ. ಒಡೆದ ಲೋಟ, ಬಲ್ಬು ಇದ್ದರೆ ರಟ್ಟಿನ ಡಬ್ಬಿಗೆ ಹಾಕಿ ಟೇಪ್ ಅಂಟಿಸಿ, "ಗಾಜು" ಅಂತ ಬರೆಯಿರಿ. ಬರೆದರೆ ಸಾಲದು, ಕೊಡುವಾಗ "ಅಕ್ಕ, ಇದರಲ್ಲಿ ಗಾಜಿದೆ, ಹುಷಾರು" ಅಂತ ಬಾಯಲ್ಲೂ ಹೇಳಿ. ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದರೆ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಮುಚ್ಚಳ ಬಿಗಿ ಮಾಡಿ. ಹಾಲಿನ ಕವರನ್ನು ಒಂದು ಸಲ ನೀರಲ್ಲಿ ಆಡಿಸಿ ಇಟ್ಟರೆ ನಾತ ಬರುವುದಿಲ್ಲ.

ಇನ್ನೊಂದು ಮಾತು, ಇದು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ. ಕಸ ತೆಗೆದುಕೊಳ್ಳಲು ಬರುವವರಿಗೇ ಅಂತ ಮೂಲೆಯಲ್ಲಿ ಬೇರೆ ಲೋಟ ಎತ್ತಿಡುವುದು, ನೀರನ್ನು ಮೇಲಿನಿಂದ ಸುರಿಯುವುದು, ಮೂರು ದಿನದ ತಂಗಳನ್ನು ಕಟ್ಟಿಕೊಟ್ಟು ಪುಣ್ಯ ಬಂತು ಅಂದುಕೊಳ್ಳುವುದು, ಇವು ಯಾವುದೂ ದಯೆ ಅಲ್ಲ, ಅವಮಾನ. ನಾವು ಕುಡಿಯುವ ಲೋಟದಲ್ಲೇ ಕೊಡಿ, ನಾವು ತಿನ್ನುವುದನ್ನೇ ಕೊಡಿ, ಇಲ್ಲದಿದ್ದರೆ ಕೊಡಬೇಡಿ. ಹೆಸರು ಕೇಳಿಟ್ಟುಕೊಂಡು, ಅದರ ಜೊತೆ ಅಕ್ಕನೋ ಅಣ್ಣನೋ ಸೇರಿಸಿ ಕರೆಯಿರಿ.

ಬಸ್ಸಿಗೆ ಬನ್ನಿ. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲಿ ಎಲ್ಲರೂ ಐನೂರರ ನೋಟು ಚಾಚಿದರೆ ಕಂಡಕ್ಟರ್ ಚಿಲ್ಲರೆ ಎಲ್ಲಿಂದ ತರಬೇಕು? ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟರು ಅಂತ ಬೈಯುವುದಕ್ಕಿಂತ ಹತ್ತು, ಇಪ್ಪತ್ತರ ನೋಟು ಜೇಬಿನಲ್ಲಿಟ್ಟುಕೊಂಡು ಹೊರಡುವುದು ಸುಲಭ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ ನಿಜ, ಆದರೆ ಶೂನ್ಯ ಟಿಕೆಟ್ ಪಡೆಯಲೇಬೇಕು. ಅದಕ್ಕೆ ಆಧಾರ್ ಕಾರ್ಡನ್ನು ಬ್ಯಾಗಿನ ತಳದಿಂದ ಹುಡುಕುವ ಬದಲು ಮೊದಲೇ ಕೈಯಲ್ಲಿಟ್ಟುಕೊಂಡು, ಇಳಿಯುವ ಸ್ಟಾಪ್ ಸ್ಪಷ್ಟವಾಗಿ ಹೇಳಿ, ಟಿಕೆಟ್ ಕೇಳಿ ತೆಗೆದುಕೊಳ್ಳಿ. ಟಿಕೆಟ್ ಕೊಡದೆ ಬಿಟ್ಟರೆ ಚೆಕಿಂಗ್‌ನವರು ಹತ್ತಿದಾಗ ಪಾಪ, ಕಂಡಕ್ಟರಿಗೂ ತೊಂದರೆ.

ನಮಗೆ ಸೀಟು ಸಿಕ್ಕಿದ್ದರೆ ನಿಂತವರ ಭಾರದ ಬ್ಯಾಗನ್ನು "ಕೊಡಿ ಇಲ್ಲಿ" ಅಂತ ತೊಡೆ ಮೇಲೆ ಇಟ್ಟುಕೊಳ್ಳುವುದು ನಮ್ಮ ಬಸ್ಸುಗಳಲ್ಲಿ ಮೊದಲಿನಿಂದ ಬಂದ ಪದ್ಧತಿ. ಅದು ಹೋಗಬಾರದು, ಮೊಬೈಲಿಂದ ತಲೆ ಎತ್ತಿದರೆ ಸಾಕು. ವಯಸ್ಸಾದವರಿಗೆ ಸೀಟು ಬಿಡುವಾಗ ಕೂತೇ "ಕೂತ್ಕೊಳ್ತೀರಾ?" ಅಂತ ಕೇಳಬೇಡಿ, ಸಂಕೋಚಕ್ಕೆ ಬೇಡ ಅನ್ನುತ್ತಾರೆ. ಎದ್ದು ನಿಂತು "ಬನ್ನಿ ಅಮ್ಮ" ಅನ್ನಿ.

ಡೆಲಿವರಿ ಹುಡುಗರ ವಿಷಯದಲ್ಲಿ ನೀರು ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಕೊಡಿ, ಒಳ್ಳೆಯದು. ಅದಕ್ಕಿಂತ ಜಾಸ್ತಿ ಉಪಯೋಗ ಆಗುವುದು ಸರಿಯಾದ ವಿಳಾಸ. ಮ್ಯಾಪಿನ ಗುರುತನ್ನು ನಿಮ್ಮ ಗೇಟಿನ ಮೇಲೆಯೇ ಇಡಿ, ಮನೆ ನಂಬರ್, ಮಹಡಿ, ಹತ್ತಿರದ ದೇವಸ್ಥಾನವನ್ನೋ ಅಂಗಡಿಯನ್ನೋ ಬರೆಯಿರಿ, ಫೋನ್ ಬಂದರೆ ಎತ್ತಿ. ತಡವಾಗಿದ್ದು ಹೋಟೆಲಿನ ಅಡುಗೆಮನೆಯಲ್ಲೇ ಇರಬಹುದು, ಸ್ಟಾರ್ ಕಡಿಮೆ ಕೊಡುವ ಮುಂಚೆ ಒಂದು ಮಾತು ಕೇಳಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಇವರು ಲಿಫ್ಟ್ ಬಳಸಬಾರದು ಅನ್ನುವ ಬೋರ್ಡ್ ಇದ್ದರೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ಅದನ್ನು ತೆಗೆಸಿ. ಅದೇ ಮೀಟಿಂಗಿನಲ್ಲಿ ವಾಚ್‌ಮನ್‌ಗೆ ಒಂದು ಕುರ್ಚಿ, ಒಂದು ಫ್ಯಾನು, ಬಳಸಬಹುದಾದ ಟಾಯ್ಲೆಟ್ ಇದೆಯಾ ಅಂತಲೂ ಕೇಳಿ.

ಬ್ಯಾಂಕಿನಲ್ಲಿ ಹಿರಿಯರು ಚಲನ್ ಹಿಡಿದು ಅತ್ತಿತ್ತ ನೋಡುತ್ತಿದ್ದರೆ "ಬರೆದುಕೊಡ್ಲಾ ತಾತ?" ಅಂತ ಕೇಳಿ. ಹೂಂ ಅಂದರೆ ಮಾತ್ರ ಬರೆಯಿರಿ. ಬರೆದದ್ದನ್ನು, ಮುಖ್ಯವಾಗಿ ಮೊತ್ತವನ್ನು, ಓದಿ ಹೇಳಿ ಆಮೇಲೆ ಸಹಿ ಹಾಕಿಸಿ. ಎಟಿಎಮ್ಮಿನಲ್ಲಿ ಸಹಾಯ ಕೇಳಿದರೆ ಕಾರ್ಡ್ ಮುಟ್ಟಬೇಡಿ, ಪಿನ್ ಒತ್ತುವಾಗ ಮುಖ ಆಚೆ ತಿರುಗಿಸಿ, "ಪಿನ್ನು, ಒಟಿಪಿ ನನಗೂ ಹೇಳಬೇಡಿ, ಯಾರಿಗೂ ಹೇಳಬೇಡಿ" ಅಂತ ಹೇಳಿ. ನಿಮ್ಮ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಇವತ್ತು ಅಪರಿಚಿತರಿಗೆ ಪಿನ್ ಹೇಳಿ ರೂಢಿಯಾದರೆ ನಾಳೆ ಕಳ್ಳನಿಗೂ ಹೇಳುತ್ತಾರೆ.

ಕಣ್ಣು ಕಾಣದವರು ರಸ್ತೆ ದಾಟಲು ನಿಂತಿದ್ದರೆ ಸುಮ್ನೆ ಕೈ ಹಿಡಿದು ಎಳೆದುಕೊಂಡು ಹೋಗಬೇಡಿ. ಮಾತಾಡಿಸಿ, ದಾಟಬೇಕಾ ಕೇಳಿ, ನಿಮ್ಮ ಮೊಣಕೈಯನ್ನು ಅವರು ಹಿಡಿದುಕೊಳ್ಳಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಮೆಟ್ಟಿಲು, ಗುಂಡಿ ಬಂದರೆ ಮೊದಲೇ ಹೇಳಿ. ಬೇಡ ಅಂದರೆ ಬೇಜಾರು ಮಾಡಿಕೊಳ್ಳದೆ ಪಕ್ಕಕ್ಕೆ ಸರಿಯಿರಿ.

ಅಪಘಾತ ಕಂಡರೆ 108ಕ್ಕೆ ಫೋನ್ ಮಾಡಿ. ಪೊಲೀಸ್ ಕೇಸಿನ ಭಯ ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ವಿಳಾಸ ಹೇಳಿ ಅಂತ ನಿಮ್ಮನ್ನು ಒತ್ತಾಯ ಮಾಡುವಂತಿಲ್ಲ. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಡಿ.

ಕೊನೆಗೆ ಬೇಸಿಗೆಯ ಕೆಲಸ. ನಮ್ಮ ಊರುಗಳಲ್ಲಿ ಅರವಟ್ಟಿಗೆ ಇಡುತ್ತಿದ್ದರು, ಶ್ರೀರಾಮನವಮಿಗೆ ಪಾನಕ, ಮಜ್ಜಿಗೆ ಹಂಚುವುದು ಈಗಲೂ ಇದೆ. ಅದು ಒಂದು ದಿನಕ್ಕೆ ಮುಗಿಯಬೇಕಾಗಿಲ್ಲ. ಗೇಟಿನ ಹೊರಗೆ ನೆರಳಲ್ಲಿ ಒಂದು ಮಣ್ಣಿನ ಹೂಜಿ ಇಡಿ, ನಲ್ಲಿ ಇರುವುದಾದರೆ ಒಳ್ಳೆಯದು, ಯಾರೂ ಒಳಗೆ ಕೈ ಹಾಕುವುದಿಲ್ಲ. ಕುಡಿಯುವ ನೀರನ್ನೇ ತುಂಬಿಸಿ, ದಿನಾ ಬದಲಾಯಿಸಿ, ಲೋಟ ತೊಳೆದಿಡಿ. "ಕುಡಿಯುವ ನೀರು" ಅಂತ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಿ, ಯಾಕೆಂದರೆ ಪಕ್ಕದ ಕಟ್ಟಡದ ಕೆಲಸಕ್ಕೆ ದೂರದ ರಾಜ್ಯದಿಂದ ಬಂದವರು ಗೇಟಿನ ಮುಂದೆ ನಿಂತು ಕೇಳೋದೋ ಬೇಡವೋ ಅಂತ ಹಿಂಜರಿಯುತ್ತಾರೆ.