ಕ್ಯಾಂಪರ್ ವ್ಯಾನಿನ ಸಾಮಾನು ಮಲ್ಪೆಯಲ್ಲೇ ಉಂಟು

ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ವ್ಯಾನು, ಮಾಡಿಸಿದ್ದೇನೆ. ನೋಡಲು ಬಂದವರು ಮೊದಲು ಕೇಳುವುದು "ಎಸಿ ಉಂಟಾ?" ಎಂದು. ಇಲ್ಲ. ಆ ದುಡ್ಡಿನಲ್ಲಿ ಛಾವಣಿಗೆ 12 ವೋಲ್ಟಿನ ಫ್ಯಾನು, ಕಿಟಕಿಗಳಿಗೆ ಸೊಳ್ಳೆ ಪರದೆ, ಒಳ್ಳೆಯ ಬ್ಯಾಟರಿ ಹಾಕಿಸಿದೆ. ಉಡುಪಿಯ ಸೆಕೆಯನ್ನು ಹೇಗೋ ತಡೆದುಕೊಳ್ಳಬಹುದು. ವ್ಯಾನನ್ನು ತಿನ್ನುವುದು ತೇವ ಮತ್ತು ಉಪ್ಪು ಗಾಳಿ. ಕಿಟಕಿ ಮುಚ್ಚಿ ಮಲಗಿದರೆ ನಮ್ಮ ಉಸಿರೇ ನೀರಾಗಿ ಬೆಳಿಗ್ಗೆ ತಗಡಿನಿಂದ ತೊಟ್ಟಿಕ್ಕುತ್ತದೆ, ಹಾಸಿಗೆಯ ಅಡಿಗೆ ಬೂಷ್ಟು ಹಿಡಿಯುತ್ತದೆ. ಫ್ಯಾನು ಒಳಗಿನ ಗಾಳಿಯನ್ನು ಹೊರಗೆಳೆಯಬೇಕು, ಒಂದು ಕಿಟಕಿ ನಾಲ್ಕು ಬೆರಳಷ್ಟು ತೆರೆದಿರಬೇಕು. ಮೇಲೆ ಮಳೆಮುಚ್ಚಳ ಇರುವ ಫ್ಯಾನನ್ನೇ ಕೊಳ್ಳಿ, ಇಲ್ಲದಿದ್ದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅದನ್ನು ಮುಚ್ಚಿಯೇ ಇಡಬೇಕಾಗುತ್ತದೆ.

ಆನ್‌ಲೈನಿನಲ್ಲಿ 'ಕ್ಯಾಂಪರ್' ಎಂಬ ಹೆಸರು ಸೇರಿದರೆ ಸಾಕು, ಬೆಲೆ ಏರುತ್ತದೆ. ನಾನು ಸ್ಕ್ರೂ, ಹಗ್ಗ, ಎಲ್ಇಡಿ ದೀಪ, ನೀರಿನ ಪಂಪು ಎಲ್ಲವನ್ನೂ ಮಲ್ಪೆ ಬಂದರಿನ ಬಳಿ ಬೋಟಿನ ಸಾಮಾನು ಮಾರುವ ಅಂಗಡಿಗಳಲ್ಲಿ ತೆಗೆದುಕೊಂಡೆ. ಬೋಟಿನವರದ್ದೂ ಬ್ಯಾಟರಿ ಮೇಲಿನ ಸಂಸಾರವೇ ಅಲ್ಲವೇ? ನಾನು 304 ದರ್ಜೆಯ ಸ್ಟೀಲಿನ ಸ್ಕ್ರೂ ಕೇಳಿದಾಗ ಅಂಗಡಿಯವರು ಡಬ್ಬ ಒಳಗಿಟ್ಟು, "316 ಕೊಂಡೋಗಿ ಮಾರಾಯ್ರೆ, ಕಡಲ ಬದಿಗೆ ಅದೇ ಆಗುವುದು" ಎಂದರು. 316ರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಕಪಾಟಿಗೆ ಐಎಸ್ 710 ಗುರುತಿನ, ನೀರು ತಡೆಯುವ ಮರೈನ್ ಪ್ಲೈ, ವೈರು ತವರ ಲೇಪಿಸಿದ ತಾಮ್ರದ್ದು.

ಬ್ಯಾಟರಿಯ ಲೆಕ್ಕ ಮನೆಯಲ್ಲೇ ಹಾಕಿ ಹೋಗಿ. 12.8 ವೋಲ್ಟ್, 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂದರೆ 1,280 ವಾಟ್-ಅವರ್. 45 ವಾಟಿನ ಫ್ರಿಜ್ಜು ದಿನದಲ್ಲಿ ಅರ್ಧ ಹೊತ್ತು ಓಡಿದರೆ 540 ಅದಕ್ಕೇ ಹೋಯಿತು. ಬಂಗುಡೆಯನ್ನು ಮಂಜುಗಡ್ಡೆ ಪೆಟ್ಟಿಗೆಯಲ್ಲಿಟ್ಟರೆ ಅಷ್ಟೂ ಉಳಿತಾಯ! ಸೋಲಾರ್ ಬೇಸಿಗೆಗೆ ಸರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಮೊದಲ ಖರ್ಚು, ಓಡುವ ಇಂಜಿನ್ನಿನಿಂದ ಈ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರಿಗೆ. ಕುಂದಾಪುರಕ್ಕೆ ಹೋಗಿಬರುವಷ್ಟರಲ್ಲಿ ಇಂಜಿನ್ನೇ ಒಂದಷ್ಟು ತುಂಬಿಸುತ್ತದೆ. ಲಿಥಿಯಂ ಬ್ಯಾಟರಿಯನ್ನು ನೇರ ಆಲ್ಟರ್ನೇಟರಿಗೆ (ಇಂಜಿನ್ನಿನಲ್ಲಿ ಕರೆಂಟು ಹುಟ್ಟಿಸುವ ಭಾಗ) ಕೊಟ್ಟರೆ ಅದು ಕರೆಂಟನ್ನು ಎಳೆದೆಳೆದು ಆಲ್ಟರ್ನೇಟರ್ ವಿಪರೀತ ಬಿಸಿಯಾಗುತ್ತದೆ. ಚಾರ್ಜರು ಅದಕ್ಕೆ ಮಿತಿ ಹಾಕುತ್ತದೆ.

ಗ್ಯಾಸ್ ಒಲೆ ಇಟ್ಟರೆ ಸೋರಿಕೆ ಅಲಾರಂ ಬೇಕೇ ಬೇಕು, ಅದೂ ನೆಲದ ಹತ್ತಿರ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಹರಡುತ್ತದೆ. ಅಗ್ನಿಶಾಮಕ ಸಿಲಿಂಡರನ್ನು ಒಲೆಯ ಪಕ್ಕವಲ್ಲ, ಬಾಗಿಲ ಪಕ್ಕ ಇಡಿ.

ವ್ಯಾನಿನ ಬದಿಗೆ ಬಿಡಿಸುವ ಬಟ್ಟೆಯ ಚಪ್ಪರದ ಒಂದು ಕಾಲನ್ನು ತಗ್ಗಿಸಿದರೆ ಮಳೆನೀರು ನಿಲ್ಲುವುದಿಲ್ಲ. ಮರವಂತೆಯ ಗಾಳಿಗೆ ಅದನ್ನು ಹರಡಿಯೇ ಬಿಟ್ಟು ಮಲಗುವ ಧೈರ್ಯ ಮಾತ್ರ ಬೇಡ. ಸೀಟು ತೆಗೆಸುವ, ಛಾವಣಿ ಕತ್ತರಿಸುವ ಮೊದಲು ಆರ್‌ಟಿಒ ಒಪ್ಪಿಗೆ ಪಡೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದು ಅದಕ್ಕೇ.

ಪೋರ್ಟಬಲ್ ಟಾಯ್ಲೆಟ್ ವಿಷಯ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಮ್ಮ ಜೊತೆಗಿದ್ದರೆ ಅದು ಬೇಕು. ನಾವಿಬ್ಬರೇ ಆದರೆ ಹೆದ್ದಾರಿಯ ಪೆಟ್ರೋಲ್ ಬಂಕ್ ಸಾಕು, ಆ ಜಾಗದಲ್ಲಿ ಇನ್ನೊಂದು ನೀರಿನ ಕ್ಯಾನು ಹಿಡಿಸುತ್ತದೆ.