ಪದ್ಮಿನಿಗೆ ಆರ್‌ಪಿಎಂ ಮೀಟರ್ ಕೂರಿಸಿದ್ದು

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಆರ್‌ಪಿಎಂ ಮೀಟರ್ ಇರಲಿಲ್ಲ. ಅಪ್ಪನಿಗೆ ಅದರ ಅಗತ್ಯವೂ ಇರಲಿಲ್ಲ. ಅವರು ಎಂಜಿನ್ ಸದ್ದು ಕೇಳಿಯೇ ಗೇರ್ ಬದಲಿಸುತ್ತಿದ್ದರು. ನಾನು ಕಲಿತದ್ದೂ ಹಾಗೆಯೇ. ಆದರೆ ಹೋದ ವರ್ಷ ಎಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದೆವು. ಗಾಡಿ ಕೈಗೆ ಕೊಡುವಾಗ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮೆಕ್ಯಾನಿಕ್ ಹೇಳಿದರು: "ಭಟ್ರೇ, ಸಾವಿರ ಕಿಲೋಮೀಟರ್ ಆಗುವವರೆಗೆ ಮೂರು ಸಾವಿರ ಆರ್‌ಪಿಎಂ ದಾಟಿಸ್ಬೇಡಿ."

"ಇಚ್ಚ (ಅಣ್ಣಾ), ಮೂರು ಸಾವಿರ ಆಯ್ತು ಅಂತ ನನಗೆ ಗೊತ್ತಾಗುವುದು ಹೇಗೆ?"

"ಒಂದು ಮೀಟರ್ ಹಾಕಿ ಮತ್ತೆ."

ಹೊಸ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವ ಸಮಯದಲ್ಲಿ ಎಂಜಿನ್ನನ್ನು ಜಾಸ್ತಿ ಎಳೆಸಬಾರದು. ಪೆರ್ಲದ ಕಡೆಗೆ, ಮುಳ್ಳೇರಿಯದ ಕಡೆಗೆ ಹೋಗುವ ನಮ್ಮ ರಸ್ತೆಗಳಲ್ಲಿ ಏರು ಇಳಿತಕ್ಕೆ ಕೊನೆಯಿಲ್ಲ. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಸ್ಪೀಡೋಮೀಟರ್ ಕಡಿಮೆಯೇ ತೋರಿಸುತ್ತದೆ, ಎಂಜಿನ್ ಮಾತ್ರ ಕೂಗುತ್ತಿರುತ್ತದೆ. ಅಲ್ಲಿ ಬೇಕಾದದ್ದು ಎಂಜಿನಿನ ಲೆಕ್ಕ, ಚಕ್ರದ ಲೆಕ್ಕ ಅಲ್ಲ. ಹಾಗಾಗಿ ಮೀಟರ್ ತಂದೆ. ವೈರಿಂಗ್ ನಾನೇ ಮಾಡಿದೆ. ಹಳೆಯ ಗಾಡಿ ಇಟ್ಟುಕೊಂಡವರಿಗೆ ಬೇಕಾದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಇದು ಎಣಿಸುವುದು ಏನನ್ನು ಅಂತ ನೋಡೋಣ. ಪದ್ಮಿನಿಯದು 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ನಾಲ್ಕು ಸಿಲಿಂಡರಿಗೂ ಒಂದೊಂದು ಸಲ ಸ್ಪಾರ್ಕ್ ಆಗಬೇಕಾದರೆ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ತಿರುಗಬೇಕು. ಅಂದರೆ ಸುತ್ತಿಗೆ ಎರಡು ಸ್ಪಾರ್ಕ್. ಸ್ಪಾರ್ಕನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಎಂಬ ಸಣ್ಣ ಸ್ವಿಚ್ ಪ್ರತಿ ಸಲ ಬಿಚ್ಚಿಕೊಂಡಾಗ, ಸ್ಪಾರ್ಕಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲಿನ ಒಂದು ತುದಿಯಲ್ಲಿ ವೋಲ್ಟೇಜ್ ಜಿಗಿಯುತ್ತದೆ. ಮೀಟರ್ ಆ ಜಿಗಿತಗಳನ್ನು ಎಣಿಸುತ್ತದೆ, ಅಷ್ಟೇ. ಎಂಜಿನ್ 750 ಆರ್‌ಪಿಎಂನಲ್ಲಿ ಇದ್ದರೆ ನಿಮಿಷಕ್ಕೆ 1500 ಜಿಗಿತ, ಸೆಕೆಂಡಿಗೆ 25. ಸೆಕೆಂಡಿನ ಲೆಕ್ಕವನ್ನು 30ರಿಂದ ಗುಣಿಸಿದರೆ ಆರ್‌ಪಿಎಂ ಬಂತು.

ಮೀಟರ್ ಹಿಂದೆ 4, 6, 8 ಅಂತ ಒಂದು ಸಣ್ಣ ಸ್ವಿಚ್ ಇರುವುದು ಇದೇ ಕಾರಣಕ್ಕೆ. ಎಷ್ಟು ಸಿಲಿಂಡರ್ ಅಂತ ಅದಕ್ಕೆ ನಾವು ಹೇಳಬೇಕು. ಬಾಕ್ಸಿನಿಂದ ತೆಗೆಯುವಾಗ ಅದು 8ರಲ್ಲಿ ಇದ್ದರೆ ನಮ್ಮ ಗಾಡಿಯಲ್ಲಿ ಸರಿಯಾಗಿ ಅರ್ಧ ತೋರಿಸುತ್ತದೆ. ಕೂರಿಸಿ ಬಿಗಿ ಮಾಡಿದ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಮೊದಲೇ ನೋಡಿಕೊಳ್ಳಿ.

ಕೊಳ್ಳುವ ಮೊದಲು ಇನ್ನೊಂದು ವಿಷಯ. ಪದ್ಮಿನಿಯಲ್ಲಿ ಬ್ಯಾಟರಿಯ ಮೈನಸ್ ಬಾಡಿಗೆ ಹೋಗುತ್ತದೆ. ಈಗ ಸಿಗುವ ಮೀಟರುಗಳೆಲ್ಲ ಹೆಚ್ಚಾಗಿ ಅದಕ್ಕೇ ಮಾಡಿದವು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಇರುವುದುಂಟು. ಅಂಥದ್ದಕ್ಕೆ ಈ ಮೀಟರನ್ನು ಹಾಗೇ ಜೋಡಿಸಿದರೆ ಸುಟ್ಟುಹೋಗಬಹುದು. ಬ್ಯಾಟರಿಯ ಯಾವ ತಂತಿ ಬಾಡಿಗೆ ಹೋಗಿದೆ ಅಂತ ಕಣ್ಣಿನಿಂದ ನೋಡಿ, ಮತ್ತೆ ಅಂಗಡಿಗೆ ಹೋಗಿ.

ನಾನು ತಂದದ್ದು 52 ಮಿಲಿಮೀಟರಿನ ಕಪ್ಪು ಡಯಲ್. ದೊಡ್ಡದು ಚೆಂದ ಕಾಣುತ್ತದೆ ಅನ್ನುವವರಿದ್ದಾರೆ. ನನಗೆ ಆ ಡ್ಯಾಶ್‌ಬೋರ್ಡಿನ ಮುಖ ಕೆಡಿಸಲು ಇಷ್ಟವಿರಲಿಲ್ಲ. ಹೊಸ ತೂತು ಒಂದೂ ಕೊರೆಯಬಾರದು, ಹಳೆಯ ವೈರ್ ಒಂದನ್ನೂ ಕತ್ತರಿಸಬಾರದು ಅಂತ ಮೊದಲೇ ನಿಶ್ಚಯ ಮಾಡಿದ್ದೆ. ಇಂಥ ಗಾಡಿಯ ಮೂಲ ವೈರಿಂಗ್ ಒಮ್ಮೆ ಹಾಳಾದರೆ ಅಂಥದ್ದೇ ಇನ್ನೊಂದು ಸಿಗುವುದು ಕಷ್ಟ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿಗೆ ರಸ್ತೆಯಿಂದ ಇಳಿದವು. ಇದ್ದದ್ದನ್ನು ಉಳಿಸಿಕೊಳ್ಳಬೇಕು, ಅಲ್ವಾ?

ಸ್ಟೀರಿಂಗ್ ಕಾಲಮ್ಮಿಗೆ ಕ್ಲ್ಯಾಂಪ್ ಹಾಕಿ ಮೀಟರ್ ಕೂರಿಸುವುದು ಎಲ್ಲರೂ ಮಾಡುವ ರೀತಿ. ನಮ್ಮ ಪದ್ಮಿನಿಯಲ್ಲಿ ಗೇರ್ ಲಿವರ್ ಕಾಲಮ್ಮಿನಲ್ಲೇ ಇರುವುದರಿಂದ ಗೇರಿನ ರಾಡ್ ಅದರ ಉದ್ದಕ್ಕೂ ಓಡುತ್ತದೆ. ಕ್ಲ್ಯಾಂಪ್ ಸ್ವಲ್ಪ ಜಾರಿ ರಾಡಿಗೆ ತಾಗಿದರೂ ಗೇರ್ ಸಿಕ್ಕಿಕೊಳ್ಳಬಹುದು. ಅದಕ್ಕೆ ನಾನು ಆ ದಾರಿಗೇ ಹೋಗಲಿಲ್ಲ. ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬಗ್ಗಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಮೊದಲೇ ಇದ್ದ ಸ್ಕ್ರೂಗೆ ಸಿಕ್ಕಿಸಿ, ಅದಕ್ಕೆ ಮೀಟರ್ ಕೂರಿಸಿದೆ.

ಈಗ ವೈರುಗಳು. ನನ್ನ ಮೀಟರಿನಲ್ಲಿ ಕೆಂಪು, ಕಪ್ಪು, ಬಿಳಿ, ಹಸಿರು ಅಂತ ನಾಲ್ಕು. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಜೊತೆಗೆ ಬರುವ ಕಾಗದವನ್ನೇ ನಂಬಿ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಕಳಚಿಡಿ.

ಬಿಳಿ ವೈರ್ ಮೀಟರಿನ ಒಳಗಿನ ದೀಪಕ್ಕೆ. ಡ್ಯಾಶ್‌ಬೋರ್ಡಿನ ಲೈಟಿನ ವೈರಿಗೆ ಸೇರಿಸಿದರೆ ಹೆಡ್‌ಲೈಟ್ ಜೊತೆಗೇ ಉರಿಯುತ್ತದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್ ಬೇಕು. ಬ್ಯಾಟರಿ ಕಳಚುವ ಮೊದಲೇ ಟೆಸ್ಟ್ ಲ್ಯಾಂಪ್ ಹಿಡಿದು ಫ್ಯೂಸ್ ಬಾಕ್ಸಿನಲ್ಲಿ ಕೀ ಆನ್ ಆದಾಗ ಉರಿಯುವ, ಆಫ್ ಆದಾಗ ಆರುವ ಫ್ಯೂಸ್ ಹುಡುಕಿ, ಅದರ ಔಟ್ ಕಡೆಯಿಂದ ತೆಗೆದೆ. ನಡುವೆ ಒಂದು ಆಂಪಿಯರಿನ ಸಣ್ಣ ಫ್ಯೂಸ್ ಬೇರೆಯೇ ಹಾಕಿದೆ. ಹತ್ತಿರದಲ್ಲೇ ಇದೆ ಅಂತ ಕೆಲವರು ಕೆಂಪನ್ನು ಕಾಯಿಲಿನ ಪ್ಲಸ್‌ನಿಂದ ತೆಗೆಯುತ್ತಾರೆ. ಅದು ಬೇಡ. ಹಳೆಯ ಗಾಡಿಗಳಲ್ಲಿ ಕಾಯಿಲಿನ ಲೈನಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಕಾಯಿಲಿನ ಮೊದಲು ಒಂದು ರೆಸಿಸ್ಟರ್ ಇರುತ್ತದೆ, ಅಲ್ಲಿ ಪೂರ್ತಿ 12 ವೋಲ್ಟ್ ಸಿಗುವುದೂ ಇಲ್ಲ.

ಕಪ್ಪು ಅರ್ಥಿಂಗ್, ಅಂದರೆ ಬಾಡಿಗೆ ಸೇರುವುದು. ನಮ್ಮೂರಿನಲ್ಲಿ ಇದಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ಜೂನ್ ಬಂತೆಂದರೆ ತಿಂಗಳುಗಟ್ಟಲೆ ಒದ್ದೆ ಗಾಳಿ. ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ಉಪ್ಪೂ ಸೇರುತ್ತದೆ. ಪೇಂಟಿನ ಮೇಲೆ, ತುಕ್ಕಿನ ಮೇಲೆ ಲಗ್ (ವೈರಿನ ತುದಿಯ ಲೋಹದ ಬಳೆ) ಕೂರಿಸಿದರೆ ಬೇಸಿಗೆಯಲ್ಲಿ ನಡೆದ ಮೀಟರ್ ಮಳೆಗಾಲದಲ್ಲಿ ಕುಣಿಯುತ್ತದೆ. ನಾನು ಡ್ಯಾಶ್‌ಬೋರ್ಡ್ ಹಿಂದಿನ ಅರ್ಥ್ ಸ್ಕ್ರೂ ಬಿಚ್ಚಿ, ಕೆಳಗಿನ ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಲಗ್ ಕೂರಿಸಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆ.

ಉಳಿದದ್ದು ಹಸಿರು. ಇಡೀ ಕೆಲಸದಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಇದೊಂದರ ಬಗ್ಗೆ.

ಕಾಯಿಲಿನಲ್ಲಿ ಎರಡು ಸಣ್ಣ ಟರ್ಮಿನಲ್ ಇರುತ್ತವೆ. ಒಂದಕ್ಕೆ ಕೀ ಕಡೆಯಿಂದ ಕರೆಂಟ್ ಬರುತ್ತದೆ. ಇನ್ನೊಂದರಿಂದ ತೆಳ್ಳಗಿನ ವೈರ್ ಡಿಸ್ಟ್ರಿಬ್ಯೂಟರಿನ ಬದಿಗೆ, ಪಾಯಿಂಟಿಗೆ ಹೋಗುತ್ತದೆ. ಹಸಿರು ಸೇರಬೇಕಾದದ್ದು ಈ ಎರಡನೆಯದಕ್ಕೆ. ಗುರುತು ಅಳಿಸಿಹೋಗಿದ್ದರೆ ಡಿಸ್ಟ್ರಿಬ್ಯೂಟರಿನಿಂದ ವೈರ್ ಹಿಡಿದು ಹಿಂದೆ ಬನ್ನಿ. ನಡುವಿನ ದಪ್ಪ ವೈರಿನ ಹತ್ತಿರ ಮಾತ್ರ ಹೋಗಬೇಡಿ. ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಸಣ್ಣ ಟರ್ಮಿನಲ್ಲೂ ಬರೀ 12 ವೋಲ್ಟಿನದಲ್ಲ. ಪಾಯಿಂಟ್ ಬಿಚ್ಚಿದ ಕ್ಷಣಕ್ಕೆ ಅಲ್ಲಿ 200ರಿಂದ 400 ವೋಲ್ಟಿನವರೆಗೆ ಜಿಗಿಯುತ್ತದೆ. ಎಂಜಿನ್ ಓಡುತ್ತಿರುವಾಗ ಮುಟ್ಟಿದರೆ ಚೆನ್ನಾಗಿಯೇ ಹೊಡೆಯುತ್ತದೆ. ಅದಕ್ಕಿಂತ ಮುಖ್ಯ ವಿಷಯ ಒಂದಿದೆ. ಪಾಯಿಂಟ್ ಮಾಡುವ ಕೆಲಸ ಈ ಟರ್ಮಿನಲನ್ನು ಬಾಡಿಗೆ ಮುಟ್ಟಿಸುವುದು, ಬಿಡಿಸುವುದು. ಹಸಿರು ವೈರಿನ ಸಿಪ್ಪೆ ಎಲ್ಲಾದರೂ ಸವೆದು ಬಾಡಿಗೆ ತಾಗಿತು ಅಂತಿಟ್ಟುಕೊಳ್ಳಿ. ಪಾಯಿಂಟ್ ಬಿಚ್ಚಿದರೂ ಕಾಯಿಲಿನ ಪಾಲಿಗೆ ಅದು ಬಿಚ್ಚಲೇ ಇಲ್ಲ. ಸ್ಪಾರ್ಕ್ ಇಲ್ಲ. ಎಂಜಿನ್ ಆ ಕ್ಷಣಕ್ಕೆ ನಿಲ್ಲುತ್ತದೆ. ಕೀ ಆನ್‌ನಲ್ಲೇ ಬಿಟ್ಟರೆ ಕಾಯಿಲ್ ಬಿಸಿಯಾಗಿ ಹಾಳಾಗಲೂಬಹುದು. ಸುಮ್ನೆ ನೋಡಲಿಕ್ಕೆ ಹಾಕಿದ ಮೀಟರ್ ಚೆರ್ಕಳದ ಏರಿನಲ್ಲಿ, ಹಿಂದೆ ಲಾರಿ ಇರುವಾಗ, ಗಾಡಿಯನ್ನು ನಿಲ್ಲಿಸಿಬಿಡಬಹುದು.

ಇದಕ್ಕೆ ಉಪಾಯ ಸುಲಭ. ಹಸಿರು ವೈರಿನ ಕಾಯಿಲ್ ಕಡೆಯ ತುದಿಯಲ್ಲಿ, ಟರ್ಮಿನಲಿಗೆ ಒತ್ತಿಕೊಂಡೇ, ಒಂದು ರೆಸಿಸ್ಟರ್ ಹಾಕಬೇಕು. ನಾನು ಹಾಕಿದ್ದು 10 ಕಿಲೋ ಓಮ್. ಆಮೇಲೆ ಆಚೆ ವೈರ್ ಪೂರ್ತಿ ಬಾಡಿಗೆ ತಾಗಿದರೂ ಅದರ ಮೂಲಕ ಹರಿಯುವುದು ಸರಾಸರಿ ಕೆಲವೇ ಮಿಲಿಆಂಪಿಯರ್. ಎಂಜಿನಿಗೆ ಅದು ಗೊತ್ತೇ ಆಗುವುದಿಲ್ಲ, ಮೀಟರ್ ಮಾತ್ರ ಸತ್ತಿರುತ್ತದೆ. ಮೀಟರಿಗೆ ಹೋಗುವ ಗಲಾಟೆಯೂ ಕಡಿಮೆಯಾಗಿ ಮುಳ್ಳು ನೆಟ್ಟಗೆ ನಿಲ್ಲುತ್ತದೆ. ರೆಸಿಸ್ಟರ್ ಮೀಟರಿನ ಕಡೆಯ ತುದಿಯಲ್ಲಿದ್ದರೆ ಈ ರಕ್ಷಣೆ ಸಿಗುವುದಿಲ್ಲ, ಯಾಕಂದರೆ ನಡುವಿನ ವೈರ್ ಪೂರ್ತಿ ಬೆತ್ತಲೆ ಉಳಿಯಿತು. ಕಾಲು ವ್ಯಾಟಿನ ಸಣ್ಣದು ಬೇಡ, ಅರ್ಧ ವ್ಯಾಟಿನದು ತನ್ನಿ. ಸಾಧ್ಯವಾದರೆ 4.7 ಕಿಲೋ ಓಮಿನ ಎರಡನ್ನು ಸಾಲಾಗಿ ಬೆಸೆಯಿರಿ, ವೋಲ್ಟೇಜಿನ ಹೊಡೆತ ಎರಡಕ್ಕೂ ಹಂಚಿಹೋಗುತ್ತದೆ. ಬೆಲೆ ಒಂದೆರಡು ರೂಪಾಯಿ. ಮೀಟರಿಗೆ ಹೋಗುವ ಸಿಗ್ನಲ್ ಸಾಲದೆ ಮುಳ್ಳು ಏಳದಿದ್ದರೆ ರೆಸಿಸ್ಟರ್ ಸ್ವಲ್ಪ ಕಡಿಮೆ ಮಾಡಿ ನೋಡಬಹುದು. ಪೂರ್ತಿ ತೆಗೆಯಬೇಡಿ.

ಬೆಸೆದ ಜಾಗಕ್ಕೆ ಹೀಟ್ ಶ್ರಿಂಕ್ ಸ್ಲೀವ್ ಎರಡು ಪದರ ಹಾಕಿದೆ. ಇನ್ಸುಲೇಷನ್ ಟೇಪ್ ಎಂಜಿನಿನ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಎಂಜಿನ್ ಕೋಣೆಯಿಂದ ಒಳಗೆ ತರಲು ಹಳೆಯ ವೈರಿಂಗ್ ಬರುವ ರಬ್ಬರ್ ಬುಶ್ಶಿನಲ್ಲೇ ಜಾಗ ಮಾಡಿಕೊಂಡೆ. ಪ್ಲಗ್ ವೈರುಗಳಿಂದ ಒಂದು ಗೇಣು ದೂರ ಇಟ್ಟೆ. ಅವುಗಳ ಪಕ್ಕದಲ್ಲೇ ಓಡಿಸಿದರೆ ಮೀಟರ್ ಇಲ್ಲದ ಸ್ಪಾರ್ಕನ್ನೂ ಎಣಿಸುತ್ತದೆ. ಅಡಿಕೆ ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರು ಇಲಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವೈರಿಗೆ ಉದ್ದಕ್ಕೂ ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದು ಅದಕ್ಕೇ.

ಮೀಟರ್ ಹೇಳುವುದು ನಿಜವೋ ಅಂತ ನೋಡುವುದಕ್ಕೆ ಒಂದು ಚೆಂದದ ದಾರಿ ಇದೆ. ಕಬ್ಬಿಣದ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಬೇಕು. ನಮ್ಮ ಕರೆಂಟ್ 50 ಹರ್ಟ್ಸಿನದ್ದು. ಹಾಗಾಗಿ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಕ್ರ್ಯಾಂಕಿನ ಪುಲ್ಲಿ ಮೇಲೆ ಚಾಕ್‌ನಿಂದ ದಪ್ಪ ಗೆರೆ ಒಂದು ಎಳೆಯಿರಿ. ರಾತ್ರಿ ಬೇರೆ ದೀಪ ಆರಿಸಿ, ಆ ಟ್ಯೂಬಿನ ಬೆಳಕಿನಲ್ಲಿ ಎಂಜಿನ್ ಓಡಿಸಿ, ಆಕ್ಸಿಲರೇಟರ್ ನಿಧಾನಕ್ಕೆ ಏರಿಸುತ್ತ ಹೋಗಿ. ಸರಿಯಾಗಿ 1500 ಆರ್‌ಪಿಎಂಗೆ ಒಂದು ಗೆರೆ ನಾಲ್ಕಾಗಿ, ಶಿಲುಬೆಯ ಆಕಾರದಲ್ಲಿ ನಿಂತಂತೆ ಕಾಣುತ್ತದೆ. 2000ಕ್ಕೆ ಮೂರು. 3000ಕ್ಕೆ ಎದುರುಬದುರು ಎರಡು. ಗೆರೆಗಳು ನಿಂತಾಗ ಒಬ್ಬರು ಒಳಗೆ ಕೂತು ಮೀಟರ್ ಓದಬೇಕು. ನನ್ನ ಮಗಳು ಓದಿದಳು. 3000ದಲ್ಲಿ ಮುಳ್ಳು ಡಯಲಿನ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಇತ್ತು. ಅಷ್ಟು ಸಾಕು.

ಇದನ್ನು ಮಾಡುವಾಗ ಎರಡು ಜಾಗ್ರತೆ. ಗಾಡಿ ಅಂಗಳದಲ್ಲೇ ಇರಲಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ತುಂಬುತ್ತದೆ. ಇನ್ನೊಂದು ಜಾಗ್ರತೆ ಎಂಜಿನಿನ ಫ್ಯಾನಿನದು. ಅದೇ ಬೆಳಕಿನಲ್ಲಿ ತಿರುಗುತ್ತಿರುವ ಫ್ಯಾನ್ ಕೂಡ ನಿಂತಂತೆ ಕಾಣಬಹುದು. ಕೈ, ಮುಂಡು, ಶಾಲು ಯಾವುದೂ ಅದರ ಹತ್ತಿರ ಹೋಗಬಾರದು. ಎಲ್‌ಇಡಿ ದೀಪ, ಎಲೆಕ್ಟ್ರಾನಿಕ್ ಚೋಕ್, ಇನ್ವರ್ಟರ್ ಕರೆಂಟ್ ಇದಕ್ಕೆ ಆಗುವುದಿಲ್ಲ.

ರನ್ನಿಂಗ್ ಇನ್ (ಆ ಮೊದಲ ಸಾವಿರ ಕಿಲೋಮೀಟರ್) ಮುಗಿದ ಮೇಲೂ ಮೀಟರ್ ತೆಗೆಯಲಿಲ್ಲ. ಅದು ಆರ್‌ಪಿಎಂಗಿಂತ ಹೆಚ್ಚಿನದ್ದನ್ನು ಹೇಳುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ ಸದ್ದು ಒಂದೇ ಸಮ ಇದ್ದು ಮುಳ್ಳು ಮಾತ್ರ ನಡುಗಿದರೆ ಪಾಯಿಂಟ್ ಸುಟ್ಟು ಗುಳಿ ಬಿದ್ದಿದೆಯೋ, ಡಿಸ್ಟ್ರಿಬ್ಯೂಟರಿನ ಬುಶ್ ಸವೆದಿದೆಯೋ ನೋಡಬೇಕು. ಸ್ಟಾರ್ಟರ್ ತಿರುಗುವಾಗ ನನ್ನ ಮೀಟರಿನ ಮುಳ್ಳು ಸ್ವಲ್ಪ ಏಳುತ್ತದೆ. ಎದ್ದರೆ ಪಾಯಿಂಟ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಕೆಲವು ಮೀಟರುಗಳು ಸ್ಟಾರ್ಟರ್ ಎಳೆಯುವಾಗ ವೋಲ್ಟೇಜ್ ಸಾಲದೆ ಆರಿಹೋಗುತ್ತವೆ, ಅಂಥವುಗಳಲ್ಲಿ ಇದು ನಡೆಯದು.

ಓಡುತ್ತಿರುವ ಗಾಡಿ ನಿಂತರೆ ನೋಡಬೇಕಾದದ್ದು ಮುಳ್ಳು ಬಿದ್ದ ರೀತಿ. ಗೇರಿನಲ್ಲಿ ಗಾಡಿ ಇನ್ನೂ ಉರುಳುತ್ತಿರುವಾಗಲೇ ಮುಳ್ಳು ತಟ್ಟನೆ ಸೊನ್ನೆಗೆ ಬಿದ್ದರೆ ತೊಂದರೆ ಕೀ, ಕಾಯಿಲಿನ ವೈರ್, ಪಾಯಿಂಟ್ ಈ ಲೈನಿನಲ್ಲಿ. ಗಾಡಿ ನಿಧಾನವಾದ ಹಾಗೆ ಮುಳ್ಳೂ ನಿಧಾನಕ್ಕೆ ಇಳಿದರೆ ಆ ಲೈನ್ ಸರಿ ಇದೆ. ಪೆಟ್ರೋಲ್ ನೋಡಿ, ಅಥವಾ ದಪ್ಪ ವೈರಿನ ಕಡೆ ನೋಡಿ. ಈ ಏಪ್ರಿಲಿನ ಬಿಸಿಲಿಗೆ ಬೋವಿಕ್ಕಾನ ದಾಟಿದ ಮೇಲೆ ಎಂಜಿನ್ ಕೈಕೊಟ್ಟಿತು. ಮುಳ್ಳು ನಿಧಾನಕ್ಕೆ ಇಳಿದದ್ದು ಕಂಡಿದ್ದೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚುವ ಗೋಜಿಗೆ ಹೋಗಲಿಲ್ಲ. ನೇರ ಎಂಜಿನಿಗೆ ಪೆಟ್ರೋಲ್ ಎಳೆಯುವ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ಕಾದೆ. ಲೈನಿನಲ್ಲಿ ಆವಿ ಕಟ್ಟಿತ್ತು. ಪಂಪ್ ತಣ್ಣಗಾದ ಮೇಲೆ ಸ್ಟಾರ್ಟ್ ಆಯಿತು, ಮುಳ್ಳೇರಿಯಕ್ಕೆ ಹೊರಟೆವು.