ಕೇಸು ಗೆದ್ದಿರಿ, ಖರ್ಚು ಬಂತಾ?

ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯರು ಡಿಕ್ರಿ (ತೀರ್ಪಿನಂತೆ ಕೋರ್ಟು ಬರೆದುಕೊಡುವ ಅಂತಿಮ ಆದೇಶ) ಕಾಪಿ ಹಿಡಿದು ನನ್ನ ಆಫೀಸಿಗೆ ಬಂದರು. ಜಮೀನಿನ ಕೇಸು, ಗೆದ್ದಿದ್ದರು. ಇನ್ನೊಂದು ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರ ತುಂಬ ಬಸ್ ಟಿಕೆಟ್. ಊರಿಂದ ತಾಲ್ಲೂಕು ಕೋರ್ಟಿಗೆ ಬಂದ ಒಂದೊಂದು ವಾಯಿದೆಯ ಟಿಕೆಟ್ಟನ್ನೂ ಜೋಪಾನ ಮಾಡಿದ್ದರು. "ತೀರ್ಪಿನಲ್ಲಿ ಖರ್ಚು ಸಮೇತ ಅಂತ ಬರೆದಿದ್ದಾರಂತಲ್ಲ ಸ್ವಾಮಿ, ಇದನ್ನೆಲ್ಲ ಎಲ್ಲಿ ಕೊಡಬೇಕು?" ಎಂದರು.

ಟಿಕೆಟ್‌ಗಳನ್ನು ಮೇಜಿನ ಮೇಲೆ ಸುರಿದೆವು. ಮೆಷಿನ್ ಟಿಕೆಟ್ ಅಲ್ವಾ, ಅಕ್ಷರ ಅಳಿಸಿಹೋಗಿ ಮುಕ್ಕಾಲು ಪಾಲು ಬರೀ ಬಿಳಿ ಚೀಟಿ. ಡಿಕ್ರಿಯ ಕೊನೆಯ ಪುಟ ತಿರುಗಿಸಿದೆ. ಖರ್ಚಿನ ಪಟ್ಟಿಯಲ್ಲಿ ಕೋರ್ಟ್ ಫೀ, ವಕಾಲತ್ತಿನ (ವಕೀಲರಿಗೆ ಕೇಸು ನಡೆಸುವ ಅಧಿಕಾರ ಕೊಡುವ ಪತ್ರ) ಸ್ಟಾಂಪು ಬಿಟ್ಟರೆ ಮಿಕ್ಕ ಸಾಲುಗಳ ಮುಂದೆಲ್ಲ ಗೆರೆ ಎಳೆದಿತ್ತು. ಅವರ ಪರವಾಗಿ ಯಾರೂ ಕೋರ್ಟಿಗೆ ಲೆಕ್ಕವನ್ನೇ ಕೊಟ್ಟಿರಲಿಲ್ಲ.

ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಆದರೆ ಗೆದ್ದವನು ಇಷ್ಟೊಂದು ಸೋಲಬೇಕಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಹೇಳುವುದು ಇಷ್ಟೇ: ಸಾಮಾನ್ಯವಾಗಿ ಸೋತವರೇ ಗೆದ್ದವರ ಖರ್ಚು ಕೊಡಬೇಕು. ಕೊಡಿಸುವುದಿಲ್ಲ ಎಂದಾದರೆ ಅದಕ್ಕೆ ಕಾರಣವನ್ನು ನ್ಯಾಯಾಧೀಶರು ಬರೆಯಬೇಕು. ಕಾನೂನು ನಿಮ್ಮ ಪರವಾಗಿಯೇ ಇದೆ. ಲೆಕ್ಕ ಮಾತ್ರ ನೀವೇ ಇಡಬೇಕು, ಅದೂ ಮೊದಲ ದಿನದಿಂದ.

ವಕಾಲತ್ತಿಗೆ ಸಹಿ ಹಾಕುವ ಮುಂಚೆ

ಫೀ ಎಷ್ಟು, ಯಾವಾಗ ಕೊಡಬೇಕು, ಅದರಲ್ಲಿ ಏನೇನು ಸೇರಿದೆ ಎಂದು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ. ಟೈಪಿಂಗ್, ಕಾಪಿ ಅರ್ಜಿ, ಸಮನ್ಸ್ ಖರ್ಚು ಫೀಯೊಳಗೇ ಬರುತ್ತದೋ, ಬೇರೆಯೋ? ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಆಗದಿದ್ದರೆ ಬ್ಯಾಂಕ್ ಮೂಲಕವೋ ಯುಪಿಐ ಮೂಲಕವೋ ಕೊಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲರು ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಲೇಬೇಕು. ಪಡೆದದ್ದು ಫೀಗೋ ಖರ್ಚಿಗೋ ಎಂದು ಅದರಲ್ಲಿ ಕಾಣಬೇಕು. ನೀವು ಕೇಳಿದರೆ ಆ ಲೆಕ್ಕದ ಪ್ರತಿ ಕೊಡಬೇಕು.

"ಗೆದ್ದರೆ ಬಂದದ್ದರಲ್ಲಿ ಇಷ್ಟು ಪಾಲು" ಎಂಬ ಒಪ್ಪಂದಕ್ಕೆ ಹೋಗಬೇಡಿ. ಫಲಿತಾಂಶಕ್ಕೆ ಗಂಟು ಹಾಕಿದ ಫೀ ನಮ್ಮ ದೇಶದಲ್ಲಿ ವಕೀಲರಿಗೆ ನಿಷಿದ್ಧ. ಅಪಘಾತ ಪರಿಹಾರದ ಹಣದಲ್ಲಿ ಶೇಕಡಾವಾರು ಫೀ ಕೇಳಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಇದನ್ನು ಮತ್ತೆ ಖಡಾಖಂಡಿತವಾಗಿ ಹೇಳಿದೆ.

ಒಂದು ನೋಟ್‌ಬುಕ್, ಒಂದು ಫೈಲು

ತಾರೀಕು, ಕೆಲಸ, ಖರ್ಚು ಎಂದು ಮೂರು ಕಾಲಂ ಹಾಕಿ. ಬಸ್ ಟಿಕೆಟ್ ಸಿಕ್ಕಿದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆ ಹಿರಿಯರಿಗೆ ಆದದ್ದು ನಿಮಗೆ ಆಗಬಾರದು.

ಏನೇನು ಬರೆಯಬೇಕು? ಸಂಹಿತೆಯ 20ಎ ಆದೇಶದಲ್ಲಿ (ಇಲ್ಲಿ ಆದೇಶ ಎಂದರೆ ಸಂಹಿತೆಯ ಒಂದು ಭಾಗ) ಕೆಲವು ಬಾಬ್ತುಗಳನ್ನು ಹೆಸರಿಸಿಯೇ ಹೇಳಿದೆ. ದಾವೆಗೆ ಮುಂಚೆ ಕಳಿಸಿದ ಲಾಯರ್ ನೋಟಿಸಿನ ಖರ್ಚು, ದಾವೆ ಮತ್ತು ಜವಾಬಿನ ಟೈಪಿಂಗ್, ಕೋರ್ಟಿನ ದಾಖಲೆ ನೋಡಲು ಕಟ್ಟಿದ ಹಣ, ಅಪೀಲಿನಲ್ಲಿ ಕೆಳಕೋರ್ಟಿನ ತೀರ್ಪು, ಡಿಕ್ರಿಗಳ ಕಾಪಿ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದೂ ಅದರಲ್ಲಿದೆ. ಕೋರ್ಟಿನ ಸಮನ್ಸ್ ಇಲ್ಲದೆ ನೀವೇ ಕರೆದುಕೊಂಡು ಬಂದ ಸಾಕ್ಷಿಯ ಖರ್ಚನ್ನೂ ಕೇಳಬಹುದು. ಪಕ್ಕದ ಜಮೀನಿನವರನ್ನು ಸಾಕ್ಷಿಗೆಂದು ಬಾಡಿಗೆ ಕಾರಿನಲ್ಲಿ ಕರೆತಂದಿದ್ದರೆ ಆ ಬಾಡಿಗೆ ಚೀಟಿ ಫೈಲಿಗೆ ಹೋಗಲಿ.

ಎದುರಿನವರು ವಾಯಿದೆ ಕೇಳಿದ ದಿನ

ಮುಖ್ಯ ಸಾಕ್ಷಿಯನ್ನು ಕರೆತಂದ ದಿನವೇ ಎದುರು ಪಕ್ಷದವರು ವಾಯಿದೆ, ಅಂದರೆ ವಿಚಾರಣೆ ಮುಂದೂಡಲು, ಕೇಳುತ್ತಾರೆ. ಕಾನೂನಿನಲ್ಲಿ ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಇಲ್ಲ. ವಾಯಿದೆ ಕೊಡುವಾಗ ಕೋರ್ಟು ಅದರ ಖರ್ಚಿನ ಬಗ್ಗೆಯೂ ಆದೇಶ ಮಾಡಬೇಕು. ನಿಮ್ಮ ವಕೀಲರು ಅಲ್ಲೇ ಎದ್ದುನಿಂತು ಖರ್ಚು ಕೇಳಬೇಕು. 35ಬಿ ಕಲಂ ಪ್ರಕಾರ ಅಂದಿನ ಖರ್ಚು ಕೊಡುವಂತೆ ಆದೇಶವಾದರೆ ಮುಂದಿನ ತಾರೀಕಿನಂದು ಅದನ್ನು ಕಟ್ಟಲೇಬೇಕು. ಕಟ್ಟದೆ ಅವರು ತಮ್ಮ ದಾವೆಯನ್ನಾಗಲಿ ಪ್ರತಿವಾದವನ್ನಾಗಲಿ ಮುಂದುವರಿಸುವಂತಿಲ್ಲ. ಎಳೆದಾಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ಈ ಹಣ ಕೊನೆಯ ಡಿಕ್ರಿಯ ಖರ್ಚಿನಲ್ಲಿ ಸೇರುವುದಿಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬೇರೆ ಪುಟದಲ್ಲಿ ಬರೆದುಕೊಳ್ಳಿ.

ವಾದ ಮುಗಿಯುವ ಮುನ್ನ: ಖರ್ಚಿನ ಮೆಮೊ

ಇಡೀ ಲೇಖನದಲ್ಲಿ ಇದೊಂದನ್ನು ಮರೆಯಬೇಡಿ. ವಾದ ಮುಗಿದು ತೀರ್ಪಿಗೆ ತಾರೀಕು ಕೊಡುವ ಮೊದಲೇ ಖರ್ಚಿನ ಮೆಮೊ ಕೋರ್ಟಿಗೆ ಹೋಗಬೇಕು. ಎಡಕ್ಕೆ ಬಾಬ್ತು, ಬಲಕ್ಕೆ ಮೊತ್ತ, ಜತೆಗೆ ರಸೀದಿಗಳ ಪ್ರತಿ, ವಕೀಲರ ಫೀ ಬಗ್ಗೆ ಅವರದೇ ಸರ್ಟಿಫಿಕೇಟ್. ಎರಡು ಹಾಳೆಯ ಕೆಲಸ.

2005ರ ಆಗಸ್ಟಿನಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಮೆಮೊದಲ್ಲಿ ಬರೆಸಿ. ನಾಮಕಾವಸ್ತೆ ಖರ್ಚು ಸಾಲದು. ನಿಜವಾಗಿ ಆದ ನ್ಯಾಯವಾದ ಖರ್ಚು ಕೊಡಿಸಬೇಕು. ಕೋರ್ಟ್ ಫೀ, ವಕೀಲರ ಫೀ, ಟೈಪಿಂಗ್ ಅಲ್ಲದೆ ಗೆದ್ದವರು ಕಳೆದ ಸಮಯ, ಓಡಾಟ, ಉಳಿದುಕೊಂಡ ಖರ್ಚೂ ಅದರಲ್ಲಿ ಸೇರಬೇಕು.

ಇದನ್ನು ನಾವು ವಕೀಲರೇ ಕಡೆಗಣಿಸಿದ್ದೇವೆ, ನನಗೆ ನೋವಿರುವುದು ಅಲ್ಲಿ. ಲಂಡನ್ನಿನಲ್ಲಿ ಖರ್ಚಿನ ತಕರಾರುಗಳನ್ನಷ್ಟೇ ನೋಡುವ ಪ್ರತ್ಯೇಕ ಕೋರ್ಟ್ ಕಚೇರಿ ಇದೆ. ಅದನ್ನೇ ವೃತ್ತಿ ಮಾಡಿಕೊಂಡ ವಕೀಲರಿದ್ದಾರೆ. ಇಲ್ಲಿ ನಾವು ತಿಂಗಳುಗಟ್ಟಲೆ ಹಕ್ಕಿನ ಬಗ್ಗೆ ವಾದ ಮಾಡುತ್ತೇವೆ, ಖರ್ಚಿಗೆ ಎರಡು ನಿಮಿಷ ಕೊಡುವುದಿಲ್ಲ.

ಎಷ್ಟು ಸಿಗುತ್ತದೆ?

ಕೊಟ್ಟದ್ದೆಲ್ಲ ಬರುತ್ತದೆ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ವಕೀಲರ ಫೀಯನ್ನು ಕೋರ್ಟು ಲೆಕ್ಕ ಹಾಕುವುದು ಹೈಕೋರ್ಟಿನ ನಿಯಮಗಳ ಪ್ರಕಾರ. ನೀವು ಕೊಟ್ಟದ್ದಕ್ಕೂ ಅದಕ್ಕೂ ಬಹಳ ಅಂತರ. ದೆಹಲಿ ಹೈಕೋರ್ಟ್ ಒಂದು ಕೇಸಿನಲ್ಲಿ ನಿಜವಾದ ಖರ್ಚೆಂದು 45,28,000 ರೂಪಾಯಿ ಕೊಡಿಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಯಮ ಎಷ್ಟು ಹೇಳುತ್ತದೋ ಅಷ್ಟೇ ಕೊಡಿಸಬಹುದು, ಹೆಚ್ಚು ಬೇಕಾದರೆ ನಿಯಮವನ್ನೇ ತಿದ್ದಬೇಕು ಎಂಬುದು ಅದರ ನಿಲುವು. ಸುಳ್ಳು ಕೇಸು ಹಾಕಿದವರಿಂದ ಪರಿಹಾರ ಕೊಡಿಸುವ 35ಎ ಕಲಂನಲ್ಲಿ ಮಿತಿ ಇನ್ನೂ 3,000 ರೂಪಾಯಿ. ಇಂದಿನ ದಿನಕ್ಕೆ ಇದು ಯಾರನ್ನೂ ತಡೆಯುವ ಮೊತ್ತವಲ್ಲ. ಖರ್ಚಿನ ನಿಯಮಗಳ ಬಗ್ಗೆ ಕಾನೂನು ಆಯೋಗ 2012ರಲ್ಲಿ ತನ್ನ 240ನೇ ವರದಿಯನ್ನೇ ಕೊಟ್ಟಿತು. ಸಾಮಾನ್ಯ ದಾವೆಗಳಲ್ಲಿ ಆ ಮಿತಿ ಮಾತ್ರ ಕದಲಿಲ್ಲ.

ವ್ಯಾಪಾರದ ವ್ಯಾಜ್ಯವಾಗಿದ್ದು ಮೌಲ್ಯ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ದಾರಿ ಬೇರೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅಲ್ಲಿ 3,000ದ ಮಿತಿಯನ್ನು ತೆಗೆದಿದೆ. ನ್ಯಾಯವಾದ ರಾಜಿಗೆ ಕರೆದಾಗ ಸುಮ್ಮನೆ ನಿರಾಕರಿಸಿದ್ದರೇ ಎಂಬುದನ್ನೂ ಕೋರ್ಟು ನೋಡುತ್ತದೆ. ಆದ್ದರಿಂದ ರಾಜಿಯ ಪ್ರಸ್ತಾಪವನ್ನು ಪತ್ರದಲ್ಲೋ ಇಮೇಲಿನಲ್ಲೋ ಕಳಿಸಿ, ಪ್ರತಿ ಇಟ್ಟುಕೊಳ್ಳಿ.

ಡಿಕ್ರಿಯ ಕೊನೆಯ ಪುಟ

ಡಿಕ್ರಿ ಕಾಪಿ ಕೈಗೆ ಬಂದ ದಿನವೇ ಖರ್ಚಿನ ಪಟ್ಟಿ ನೋಡಿ. ವಾದಿಗೊಂದು, ಪ್ರತಿವಾದಿಗೊಂದು ಕಾಲಂ ಇರುತ್ತದೆ. ದಾವೆಯ ಸ್ಟಾಂಪು, ವಕಾಲತ್ತಿನ ಸ್ಟಾಂಪು, ವಕೀಲರ ಫೀ, ಸಾಕ್ಷಿಗಳ ಭತ್ಯೆ, ಕೋರ್ಟು ನೇಮಿಸಿದ ಕಮಿಷನರ್ ಫೀ, ಸಮನ್ಸ್ ಜಾರಿ ಖರ್ಚು ಎಂದು ಸಾಲುಗಳು. ನಿಮ್ಮ ಮೆಮೊ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ತಾಳೆ ನೋಡಿ. ಕೂಡಿಸುವಾಗ ತಪ್ಪಾಗಿದ್ದರೆ, ಕೈತಪ್ಪಿ ಏನಾದರೂ ಬಿಟ್ಟುಹೋಗಿದ್ದರೆ 152ನೇ ಕಲಂ ಕೆಳಗೆ ತಿದ್ದುಪಡಿಗೆ ಅರ್ಜಿ ಹಾಕಬಹುದು. ಆ ಹಿರಿಯರ ಕೇಸಿನಲ್ಲಿ ಸಾಕ್ಷಿ ಭತ್ಯೆ, ಕಮಿಷನರ್ ಫೀ ಕಟ್ಟಿದ ರಸೀದಿ ಕೋರ್ಟಿನ ಫೈಲಿನಲ್ಲೇ ಇತ್ತು. ಅರ್ಜಿ ಹಾಕಿ ಅಷ್ಟನ್ನು ಸೇರಿಸಿದೆವು. ಬಸ್ ಟಿಕೆಟ್‌ಗಳು ಸೇರಲಿಲ್ಲ.

ಸೋತವರು ತಾವಾಗಿ ಕೊಡದಿದ್ದರೆ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ) ಅರ್ಜಿ ಹಾಕಿ. 12 ವರ್ಷ ಅವಕಾಶವಿದೆ, ಹಾಗೆಂದು ಕಾಯಬೇಡಿ. ಕೇಸು ರಾಜಿಯಲ್ಲಿ ಮುಗಿಯುವುದಾದರೆ ಖರ್ಚು ಯಾರದು ಎಂದು ರಾಜಿ ಪತ್ರದಲ್ಲೇ ಬರೆಸಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಅದನ್ನು ಕೇಳಿ ಪಡೆಯಿರಿ.

ನಿಮ್ಮ ವಕೀಲರ ಜತೆಗೇ ತಕರಾರಾದರೆ

ಮೊದಲು ಕೂತು ಮಾತಾಡಿ, ಲೆಕ್ಕ ಕೇಳಿ. ಹೆಚ್ಚಿನ ಜಗಳ ಅಲ್ಲೇ ಮುಗಿಯುತ್ತದೆ. ಫೀ ಬಾಕಿ ಇದೆಯೆಂದು ನಿಮ್ಮ ಫೈಲನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. 2000ದಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಬಾಕಿ ಬರಬೇಕಾದರೆ ಅವರು ಬೇರೆ ದಾರಿ ನೋಡಬೇಕು. ಗ್ರಾಹಕರ ವೇದಿಕೆಗೆ ಹೋಗುತ್ತೇನೆ ಎನ್ನುವವರು ಗಮನಿಸಿ: ಸುಪ್ರೀಂ ಕೋರ್ಟಿನ 2024ರ ಮೇ ತಿಂಗಳ ತೀರ್ಪಿನ ನಂತರ ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರುವುದಿಲ್ಲ. ದುರ್ನಡತೆಯ ದೂರಿದ್ದರೆ ವಕೀಲರ ಕಾಯ್ದೆಯ 35ನೇ ಕಲಂ ಕೆಳಗೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. ಆಗ ನಿಮ್ಮ ಕೈಯಲ್ಲಿರಬೇಕಾದದ್ದು ಮೊದಲ ದಿನ ಬರೆಸಿಕೊಂಡ ಆ ಒಂದು ಹಾಳೆ ಮತ್ತು ರಸೀದಿಗಳು.

ಖರ್ಚು ಮಾಡುವ ಶಕ್ತಿಯೇ ಇಲ್ಲದವರು ಸಾಲ ಮಾಡುವ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಲಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಆದಾಯ ನೋಡದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನ್ ನಂಬರ್ 15100.